ಗುಟ್ಟು ಯಾರಿಂದ?

ಲಾವೋಸ್‌ನಲ್ಲಿ ಅಮೆರಿಕ ನಡೆಸಿದ್ದಕ್ಕೆ ‘ರಹಸ್ಯ ಯುದ್ಧ’ ಎಂಬ ಹೆಸರು ಉಳಿದುಬಿಟ್ಟಿದೆ. ಹೆಸರೇ ಮೋಸದ್ದು. 1964ರಿಂದ 1973ರವರೆಗೆ ಬಿದ್ದ 20 ಲಕ್ಷ ಟನ್‌ಗೂ ಮೀರಿದ ಬಾಂಬು ಅಲ್ಲಿನ ರೈತರಿಗೆ ಗುಟ್ಟಾಗಿರಲಿಲ್ಲ. ಅವರು ಗುಹೆಗಳಲ್ಲಿ ಅಡಗಿ ಬದುಕುತ್ತಿದ್ದರು. ಹನೋಯಿಗೂ ಗೊತ್ತಿತ್ತು. ಗೊತ್ತಾಗಬಾರದಿದ್ದುದು ತೆರಿಗೆ ಕಟ್ಟುವ ಅಮೆರಿಕನ್ನರಿಗೆ. ಲಾವೋಸ್ ತಟಸ್ಥ ದೇಶವೆಂದು 1962ರಲ್ಲಿ ಜಿನೀವಾದಲ್ಲಿ ಅಮೆರಿಕವೂ ಸಹಿ ಹಾಕಿತ್ತಲ್ಲ! (ಆ ಮಾತನ್ನು ಉತ್ತರ ವಿಯೆಟ್ನಾಮೂ ಮುರಿಯಿತು, ನಿಜ. ಆದರೆ ಅದು ಹೆಸರಿಗಷ್ಟೇ ಪ್ರಜಾಪ್ರಭುತ್ವವಾಗಿತ್ತು.) ಕಮ್ಯುನಿಸಮ್ಮನ್ನು ತಡೆಯಹೊರಟವರು ತಮ್ಮ ಮತದಾರರಿಂದಲೇ ಯುದ್ಧವನ್ನು ಬಚ್ಚಿಟ್ಟರು. 1975ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದೇ ಹಿಡಿದರು. ಗದ್ದೆಗಳಲ್ಲಿ ಸಿಡಿಯದೆ ಉಳಿದದ್ದು, ಒಂದು ಅಂದಾಜಿನಂತೆ, 8 ಕೋಟಿ ಪುಟ್ಟ ಬಾಂಬುಗಳು. 2016ರಲ್ಲಿ ಒಬಾಮಾ ಅಲ್ಲಿಗೆ ಹೋಗಿ, ಅವನ್ನು ತೆಗೆಯಲು 9 ಕೋಟಿ ಡಾಲರ್ ಘೋಷಿಸಿದರು. ಕ್ಷಮೆ ಕೇಳಲಿಲ್ಲ.