ಮನಸ್ಸು ಒಣಗಿದರೆ ಯಾವ ಬಾಗಿಲು?

ಚಳ್ಳಕೆರೆಯ ಶೇಂಗಾ ಒಣಗಿದರೆ ಬರ ಅಂತ ಬರೀತಾರೆ. ಬೆಳೆದವನ ಮನಸ್ಸು ಒಣಗಿದರೆ 'ಗಾಳಿ ಸೋಕೈತೆ' ಅಂತ ತಾಯತ ಕಟ್ತಾರೆ. ಮೊಳಕಾಲ್ಮೂರಿನಲ್ಲಿ ಸಾಲದ ಲೆಕ್ಕ ಹಾಕುತ್ತ ನಿದ್ದೆಗೆಟ್ಟ ನೇಕಾರನ ಪಾಡೂ ಇದೇ.

ಮಾತ್ರೆ ಬರೆಯೋರು ಬೇರೆ. ಸಾಲ, ಕುಡಿತ, ಜಾತಿಯ ಅವಮಾನ ಎಲ್ಲ ಕೇಳಿ, ಮನೆಮಂದಿಯನ್ನೂ ಕೂರಿಸಿ ದಾರಿ ಹುಡುಕೋರು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಇವರಿಗೆ ಹುದ್ದೆ ಇದೆ. ಆದರೆ ಚಿತ್ರದುರ್ಗದ ಆರು ತಾಲ್ಲೂಕಿಗೂ ಸೇರಿ ಒಂದೇ ತಂಡ! 1980ರ ದಶಕದಲ್ಲಿ ನಿಮ್ಹಾನ್ಸ್ ಈ ಪ್ರಯೋಗ ನಡೆಸಿದ್ದು ನಮ್ಮ ಬೇಲಿಯಾಚೆಯ ಬಳ್ಳಾರಿಯಲ್ಲಿ. 1996ರಲ್ಲಿ ಅದೇ ದೇಶಕ್ಕೆ ಮಾದರಿಯಾಯಿತು. 2017ರ ಕಾಯ್ದೆ ಈ ಸೇವೆಯನ್ನು ಹಕ್ಕು ಅಂದಿತು.

ಕುದಾಪುರದ ಸುತ್ತ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಯನ್ನು ವಿಜ್ಞಾನಕ್ಕೆ, ರಕ್ಷಣೆಗೆ ಅಂತ ಕೊಟ್ಟ ಸರ್ಕಾರಕ್ಕೆ ತಾಲ್ಲೂಕಿಗೊಂದು ಕುರ್ಚಿ, ಅದರಲ್ಲಿ ಕೂರೋ ಒಬ್ಬ ಮನುಷ್ಯರನ್ನು ಕೊಡೋಕಾಗಲ್ವಾ?

ಮೇಷ್ಟ್ರೇ, ಗೆಳೆಯರೇ, ಟೆಲಿ ಮಾನಸ್‌ನ 14416 ಅನ್ನು ಶಾಲೆಯ ಗೋಡೆ ಮೇಲೆ ಬರೆಯಿರಿ. ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಆದರೆ ಫೋನಿನ ದನಿ ಹಟ್ಟಿಯ ಹೊಸ್ತಿಲು ತುಳಿಯಲ್ಲ. ತುಳಿಯೋ ಕಾಲುಗಳನ್ನು ಕೊಡಿ ಅಂತ ಅರ್ಜಿ ಬರೆದು ತಾಲ್ಲೂಕು ಆಸ್ಪತ್ರೆ ಮುಂದೆ ಕೂರೋಣ, ಬನ್ನಿ.