ಹಿತ್ತಲಿನ ತೆಂಗಿನ ಬೊಡ್ಡೆ ನಿಮ್ಮೊಬ್ಬರದಲ್ಲ

ಮನೆ ಪಕ್ಕದ ಮರ ಕಡಿಸುವ ದಿನ ಎಲ್ಲರ ಕಣ್ಣೂ ಮೇಲೆಯೇ. ಹೆಂಚಿನ ಮೇಲೆ ಬೀಳದಿದ್ದರೆ ಸಾಕು, ಕರೆಂಟ್ ತಂತಿಗೆ ತಾಗದಿದ್ದರೆ ಸಾಕು. ಮರ ಉರುಳಿತು, ತುಂಡು ಮಾಡಿದರು, ಗಾಡಿಗೆ ಹೇರಿಕೊಂಡು ಹೋದರು. ಮೊಣಕಾಲೆತ್ತರದ ಬೊಡ್ಡೆ ಮಾತ್ರ ಅಲ್ಲೇ ನಿಂತಿತು. ಮರ ಕೊಳ್ಳುವವರಿಗೆ ಅದು ಬೇಡ, ನಮಗೆ ಅದನ್ನು ಕೀಳಿಸಲು ಮತ್ತೊಂದು ಕೂಲಿ ಕೊಡುವ ಮನಸ್ಸಿಲ್ಲ. ಬಟ್ಟೆ ಒಗೆಯಲೋ, ಸಂಜೆ ಕೂರಲೋ ಆಯಿತು ಎಂದು ಬಿಟ್ಟುಬಿಡುತ್ತೇವೆ.

ಬೇವು, ಹೊಂಗೆಯ ಬೊಡ್ಡೆಯಾದರೆ ನನ್ನ ತಕರಾರಿಲ್ಲ. ಅವು ಮತ್ತೆ ಚಿಗುರುತ್ತವೆ. ಒಂದೆರಡು ಗಟ್ಟಿ ಚಿಗುರು ಉಳಿಸಿಕೊಂಡು ಮಿಕ್ಕದ್ದು ಸವರಿದರೆ ಕೆಲವೇ ವರ್ಷದಲ್ಲಿ ನೆರಳು ವಾಪಸ್ ಬರುತ್ತದೆ. ಅದಕ್ಕೂ ಜೆಸಿಬಿ ಕರೆಸುವವರನ್ನು ಕಂಡರೆ ನನಗೆ ಬೇಜಾರು. ಹಳೆ ಮಣ್ಣಿನ ಗೋಡೆಗೆ ಅಂಟಿಕೊಂಡ ದೊಡ್ಡ ಹುಣಸೆ ಬುಡವನ್ನಂತೂ ಕೀಳಲು ಹೋಗಲೇಬೇಡಿ. ಬೇರಿನ ಜೊತೆ ಪಾಯದ ಮಣ್ಣೂ ಸಡಿಲವಾಗುತ್ತದೆ. ನೆಲಮಟ್ಟಕ್ಕೆ ಕೊಯ್ಸಿ, ಮಣ್ಣು ಮುಚ್ಚಿ, ಗೆದ್ದಲು ಗೋಡೆ ಹತ್ತದಂತೆ ಆಗಾಗ ನೋಡಿಕೊಂಡರೆ ಸಾಕು.

ತೆಂಗಿನ ಬೊಡ್ಡೆಯ ಕಥೆಯೇ ಬೇರೆ. ಅದು ಚಿಗುರುವುದಿಲ್ಲ, ಒಳಗೊಳಗೇ ಕೊಳೆಯುತ್ತದೆ. ಮಳೆ ನೀರು ಕುಡಿದು ಮೆತ್ತಗಾದ ಆ ತಿರುಳು ರೈನೋಸರಸ್ ದುಂಬಿಗೆ ಹೆರಿಗೆ ಮನೆ ಇದ್ದ ಹಾಗೆ. ಮೂತಿಯ ಮೇಲೆ ಕೊಂಬಿರುವ ಆ ಕಪ್ಪು ದುಂಬಿಯನ್ನು ನೀವೂ ರಾತ್ರಿ ಲೈಟಿನ ಹತ್ತಿರ ಕಂಡಿರುತ್ತೀರಿ. ಕೊಳೆತ ಬೊಡ್ಡೆಯಲ್ಲಿ, ತಿಪ್ಪೆಯಲ್ಲಿ ಮೊಟ್ಟೆ ಇಡುತ್ತದೆ. ಬಿಳಿ ದಪ್ಪ ಹುಳ ಬಿಲ್ಲಿನಂತೆ ಬಾಗಿಕೊಂಡು ನಾಲ್ಕಾರು ತಿಂಗಳು ಅಲ್ಲೇ ತಿಂದು ಬೆಳೆಯುತ್ತದೆ. ದುಂಬಿಯಾಗಿ ಹಾರಿದ ಮೇಲೆ ಹೋಗುವುದು ಹಸಿ ಮರದ ಸುಳಿಗೆ. ಸುಳಿ ಕೊರೆದ ಮೇಲೆ ಬಿಚ್ಚುವ ಗರಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ. ಆ ಗಾಯದ ವಾಸನೆಗೆ ಕೆಂಪು ಮೂತಿ ಹುಳವೂ ಬರುತ್ತದೆ. ಅದು ಮರದ ಒಳಗನ್ನೇ ತಿಂದು ಹಾಕುತ್ತದೆ. ಹೊರಗೆ ಗೊತ್ತಾಗುವಷ್ಟರಲ್ಲಿ ಮರ ಕೈಬಿಟ್ಟಿರುತ್ತದೆ.

ಬೊಡ್ಡೆ ನಿಮ್ಮ ಹಿತ್ತಲಲ್ಲಿ, ಸುಳಿ ಹೋಗುವುದು ಪಕ್ಕದ ಮನೆಯ ನಾಲ್ಕು ವರ್ಷದ ಸಸಿಯದು. ಬೇಲಿ ಹಾರಿದ ಮೇಕೆಗೆ ಜಗಳ ಆಡುವ ನಾವು ಈ ಲೆಕ್ಕವನ್ನು ಯಾರೂ ಕೇಳುವುದಿಲ್ಲ. 2016-17ರ ಬರದಲ್ಲಿ ತುಮಕೂರು, ಹಾಸನ, ಚಿಕ್ಕಮಗಳೂರು ಕಡೆ ತೆಂಗು ಸಾಲುಸಾಲಾಗಿ ಒಣಗಿತಲ್ಲ, ಆಗ ಕಡಿದದ್ದು ನೆನಪಿದೆ, ಬುಡ ಕಿತ್ತವರು ಎಷ್ಟು ಮಂದಿ?

ಹಾಗಂತ ಕೀಳುವುದು ದೊಡ್ಡ ಸಾಹಸವೇನಲ್ಲ. ತೆಂಗಿಗೆ ತಾಯಿಬೇರು ಇಲ್ಲ. ಗಡ್ಡೆಯಂಥ ಬುಡದ ಸುತ್ತ ಹಗ್ಗದ ದಪ್ಪದ ಬೇರುಗಳು, ಅಷ್ಟೇ. ಮರ ಇನ್ನೂ ನಿಂತಿದ್ದರೆ, ಸುತ್ತ ಜಾಗವೂ ಇದ್ದರೆ, ಕೊಯ್ಯುವ ಬದಲು ಬುಡದ ಸುತ್ತ ಅಗೆದು ಬೇರು ಕಡಿದು ಹಗ್ಗ ಕಟ್ಟಿ ಎಳೆಸಿ. ಮರದ ಉದ್ದವೇ ಹಾರೆಯ ಕೆಲಸ ಮಾಡಿ ಗಡ್ಡೆಯನ್ನು ಎಬ್ಬಿಸುತ್ತದೆ. ಬೊಡ್ಡೆ ಮಾಡಿದ ಮೇಲೆ ಆ ಅನುಕೂಲ ಹೋಯಿತು, ಪಿಕಾಸಿಯೇ ಗತಿ. ಅದಕ್ಕೇ ಮರದ ರೇಟು ಮಾತಾಡುವಾಗಲೇ ಬುಡದ ಮಾತೂ ಆಡಿ. ಕಿತ್ತದ್ದನ್ನು ಮೂಲೆಗೆ ತಳ್ಳಬೇಡಿ, ಅಲ್ಲೂ ಅದೇ ಹುಳ. ಸೀಳಿ ಒಣಗಿಸಿದರೆ ನೀರೊಲೆಗೆ ಆಗುತ್ತದೆ. ಸಿಕ್ಕ ಬಿಳಿ ಹುಳ ಕೋಳಿಗೆ ಹಾಕಿ, ಹಬ್ಬ ಮಾಡುತ್ತವೆ.

ಬುಡದಿಂದ ಕಂದು ಅಂಟು ಸೋರಿ ಸತ್ತ ಮರವಾದರೆ ಅಣಬೆ ರೋಗ ಇರಬಹುದು. ಆಗ ಬೇರು ಸಮೇತ ಕಿತ್ತು ಸುಡಲೇಬೇಕು. ಅದೇ ಗುಂಡಿಗೆ ಕೂಡಲೇ ಸಸಿ ಇಡಬೇಡಿ.

ಹಳೇ ಇಂಜಿನ್ ಆಯಿಲ್, ಆಸಿಡ್ ಸುರಿಯುವ ಉಪಾಯ ವಾಟ್ಸಾಪಿನಲ್ಲಿ ಓಡಾಡುತ್ತದೆ. ಮಕ್ಕಳು, ಕೋಳಿ ಓಡಾಡುವ ಜಾಗ, ಹತ್ತಿರದಲ್ಲೇ ಬಾವಿ. ಬೇಡ ಸ್ವಾಮಿ. ಸೀಮೆಎಣ್ಣೆ ಹಾಕಿ ಹಚ್ಚಿದರೂ ಹಸಿ ಬೊಡ್ಡೆ ಉರಿಯುವುದಿಲ್ಲ, ಬರೀ ಹೊಗೆ. ಕೀಳಲು ಆಗದೇ ಹೋದರೆ ಸೀಳಿ, ಮೆಟರೈಜಿಯಂ ಎಂಬ ಶಿಲೀಂಧ್ರ ಹಾಕಬಹುದು. ಅದು ಆ ಹುಳಕ್ಕೇ ರೋಗ ತರುತ್ತದೆ. ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಆದರೆ ಒಂಟಿ ಅಜ್ಜಿಯ ಮನೆಯಲ್ಲಿ ಪಿಕಾಸಿ ಹಿಡಿಯುವವರು ಯಾರು? ತೆಂಗು ಅಭಿವೃದ್ಧಿ ಮಂಡಳಿಯ ಪುನಶ್ಚೇತನ ಯೋಜನೆಯಲ್ಲಿ ಹಳೆ ಮರ ತೆಗೆಸಲು ಸಹಾಯಧನ ಇದೆ, ಆದರೆ ಅದು ತೋಟಗಳನ್ನು ನೋಡಿ ಮಾಡಿದ್ದು. ಹಿತ್ತಲಿನ ಒಂದೆರಡು ಬೊಡ್ಡೆಯನ್ನು ಊರೇ ನೋಡಿಕೊಳ್ಳಬೇಕು. ಇದೇನು ವಿಚಿತ್ರ ಬೇಡಿಕೆಯಲ್ಲ. 1909ರಲ್ಲಿ ಶ್ರೀಲಂಕಾದ ರಬ್ಬರ್ ಸಸಿಗಳ ಜೊತೆ ಈ ದುಂಬಿ ಪೆಸಿಫಿಕ್ ಸಾಗರದ ಸಮೋವಾ ದ್ವೀಪ ಸೇರಿದಾಗ ಅಲ್ಲಿ ಊರವರೆಲ್ಲ ಹುಳ ಹುಡುಕಿ ಹಿಡಿಯುವುದು ಕಡ್ಡಾಯವಾಗಿತ್ತು. ನಾವು ಕೇಳುವುದು ಅಷ್ಟೂ ಅಲ್ಲ. ಚರಂಡಿ ಹೂಳೆತ್ತಲು ಪಂಚಾಯಿತಿ ಹೇಗೂ ಜೆಸಿಬಿ ತರಿಸುತ್ತದೆ. ಅದೇ ಗಾಡಿ ಮಳೆಗಾಲಕ್ಕೆ ಮುಂಚೆ ಒಂದು ದಿನ ಬೀದಿ ಬೀದಿಗೆ ಬಂದರೆ ಊರಿನ ಬೊಡ್ಡೆಗಳ ಕೆಲಸ ಬಹುಪಾಲು ಮುಗಿಯುತ್ತದೆ. ಮುಂದಿನ ಗ್ರಾಮಸಭೆಗೆ ಹೋಗುವ ಮುಂಚೆ ನಿಮ್ಮ ಬೀದಿಯಲ್ಲಿ ಎಷ್ಟು ತೆಂಗಿನ ಬೊಡ್ಡೆ ಇವೆ ಎಂದು ಎಣಿಸಿಕೊಂಡು ಹೋಗಿ. ನಿಮ್ಮದನ್ನೂ ಸೇರಿಸಿ.