ಒಣ ಅಂಜೂರವೂ ನಮ್ಮ ಅಟ್ಟದ ಕೊಬ್ಬರಿಯೂ

ಪುಟಾಣಿಗಳೇ, ದಬ್ಬೇಘಟ್ಟದ ನಮ್ಮ ಮನೆಯ ಅಟ್ಟದ ಮೇಲೆ ಈಗ ಕೊಬ್ಬರಿಗೆಂದು ಕಾಯಿ ಹಾಕಿದ್ದೇವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರು ಕೇಳಿ: ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸುಲಿಯದೆ ಎಂಟು ಹತ್ತು ತಿಂಗಳು ಅಟ್ಟದಲ್ಲಿ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಸದ್ದು. ಅದೇ ಉಂಡೆ ಕೊಬ್ಬರಿ. ಈ ವಾರದ ವಿಷಯ ಅಂಜೂರದ ಹಣ್ಣು. ಆದರೆ ಅದರ ಗುಟ್ಟು ನನಗೆ ತಿಳಿದದ್ದು ಈ ಅಟ್ಟದಿಂದ.

ನನಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಸಂಕ್ರಾಂತಿಗೆ ಬಂದ ಮಗ ಬೆಂಗಳೂರಿನಿಂದ ಒಣ ಅಂಜೂರದ ದೊಡ್ಡ ಪೊಟ್ಟಣ ತಂದ. "ರಕ್ತಕ್ಕೆ ಒಳ್ಳೇದು, ಮೂಳೆಗೆ ಒಳ್ಳೇದು, ಶುಗರ್‌ಗೂ ಒಳ್ಳೇದು" ಎಂದು ಯಾರೋ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ದಿನಾ ರಾತ್ರಿ ಆರು ಹಣ್ಣು ನೆನೆಹಾಕಿ, ಬೆಳಿಗ್ಗೆ ತಿಂದು, ಆ ನೀರನ್ನೂ ಕುಡಿಯುತ್ತಿದ್ದೆ. ಹಣ್ಣು ತಾನೆ, ಏನಾಗುತ್ತೆ?

ತಿಂಗಳು ಕಳೆದು ರಕ್ತ ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಸಕ್ಕರೆ 128 ಇದ್ದದ್ದು 176 ಆಗಿತ್ತು. "ಮೇಷ್ಟ್ರೇ, ಹೊಸದಾಗಿ ಏನು ತಿಂತಾ ಇದೀರಿ?" ಅಂದರು ಡಾಕ್ಟರು. ಅಂಜೂರ ಎಂದೆ. "ಪೊಟ್ಟಣದ ಹಿಂದೆ ಏನು ಬರೆದಿದೆ ಅಂತ ಓದಿ ನೋಡಿ" ಅಂದರು.

ಅಕ್ಷರ ಸಣ್ಣದು. ಏಳನೇ ಕ್ಲಾಸಿನ ಮೊಮ್ಮಗಳನ್ನು ಕರೆದೆ. ಅವಳು ಓದಿದಳು: 100 ಗ್ರಾಂ ಒಣ ಅಂಜೂರದಲ್ಲಿ ಸುಮಾರು 48 ಗ್ರಾಂ ಸಕ್ಕರೆ. ಒಂದು ಹಣ್ಣು ತೂಗಿದರೆ 8 ಗ್ರಾಂ ಚಿಲ್ಲರೆ. ಅಂದರೆ ಒಂದು ಹಣ್ಣಿಗೆ 4 ಗ್ರಾಂ ಸಕ್ಕರೆ, ಹೆಚ್ಚು ಕಡಿಮೆ ಒಂದು ಟೀ ಚಮಚ.

"ಆರು ಹಣ್ಣಿಗೆ ಆರು ಚಮಚ, ತಾತ! ಕಾಫಿಗೆ ಅರ್ಧ ಚಮಚ ಹಾಕ್ಕೊಂಡ್ರೆ ಅಜ್ಜಿ ಬಯ್ತಾರೆ!"

"ನೆನೆಸಿದರೆ ಸಕ್ಕರೆ ಹೋಗಲ್ವೇನೇ?" ಎಂದೆ.

"ಹೋಗೋದು ಆ ನೀರಿಗೇ ತಾನೆ? ಅದನ್ನೂ ನೀನೇ ಕುಡಿದೆಯಲ್ಲ!"

ವಿಜ್ಞಾನ ಪಾಠ ಮಾಡಿದ ಮೇಷ್ಟ್ರಿಗೆ ಸರಿಯಾದ ಪೆಟ್ಟು. ಆದರೆ ಅವಳಿಗೂ ಒಂದು ಅನುಮಾನ: "ಹಸಿ ಹಣ್ಣು ಇಷ್ಟು ಸಿಹಿ ಇರಲ್ಲ. ಒಣಗಿದರೆ ಸಕ್ಕರೆ ಎಲ್ಲಿಂದ ಬರುತ್ತೆ?" ಅವಳನ್ನು ಅಟ್ಟ ಹತ್ತಿಸಿದೆ.

ಹಸಿ ಕಾಯಿಯ ತಿರುಳಿನಲ್ಲಿ ಅರ್ಧದಷ್ಟು ನೀರೇ. 100 ಗ್ರಾಮಿಗೆ 35 ಗ್ರಾಮಿನಷ್ಟು ಎಣ್ಣೆ. ಕೊಬ್ಬರಿಯಾದಾಗ ಅದು 60 ಗ್ರಾಂ ದಾಟುತ್ತದೆ. ಅಟ್ಟದಲ್ಲಿ ಯಾರೂ ಎಣ್ಣೆ ಸುರಿಯಲಿಲ್ಲ. ನೀರು ಹೋಯಿತು, ಎಣ್ಣೆ ಉಳಿಯಿತು. ಅಂಜೂರವೂ ಹಾಗೆಯೇ. ಹಸಿ ಹಣ್ಣಿನ 100 ಗ್ರಾಮಿನಲ್ಲಿ 79 ಗ್ರಾಂ ನೀರು, 16 ಗ್ರಾಂ ಸಕ್ಕರೆ. ಒಣಗಿದರೆ ನೀರು 30 ಗ್ರಾಂ, ಸಕ್ಕರೆ 48. ಈ ಸಕ್ಕರೆಯಲ್ಲಿ ಬಹುಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್.

ಒಳ್ಳೆಯ ಗುಣಗಳೂ ಹೀಗೆಯೇ ಗಟ್ಟಿಯಾಗುತ್ತವೆ. ನಾರು 3 ಗ್ರಾಮಿನಿಂದ ಸುಮಾರು 10ಕ್ಕೆ ಏರುತ್ತದೆ. ಮಲಬದ್ಧತೆಗೆ ಅಂಜೂರ ಒಳ್ಳೆಯದೆನ್ನುವುದು ಈ ನಾರಿನಿಂದ. ಪೊಟ್ಯಾಸಿಯಂ 232 ಮಿಲಿಗ್ರಾಂ ಇದ್ದದ್ದು 680 ಆಗುತ್ತದೆ. ಕ್ಯಾಲ್ಸಿಯಂ 35 ಇದ್ದದ್ದು 162. ಆದರೆ ನಾವು ತಿನ್ನುವುದು 100 ಗ್ರಾಂ ಅಲ್ಲ. ಎರಡು ಹಣ್ಣಿಗೆ ಸಿಗುವ ಕ್ಯಾಲ್ಸಿಯಂ 27 ಮಿಲಿಗ್ರಾಂ ಅಷ್ಟೆ. ನಮ್ಮ ರಾಗಿಯ 100 ಗ್ರಾಮಿನಲ್ಲಿ 340ಕ್ಕೂ ಹೆಚ್ಚು! ಮೂಳೆಗೆ ಮುದ್ದೆಯೇ ಸಾಕು. ಕಬ್ಬಿಣವೂ ಎರಡು ಹಣ್ಣಿನಲ್ಲಿ ಅರ್ಧ ಮಿಲಿಗ್ರಾಂ ಸಹ ಇಲ್ಲ. ರಕ್ತ ಕಡಿಮೆಯಿದ್ದವರು ಅಂಜೂರ ನಂಬಿ ಮಾತ್ರೆ ಬಿಡಬಾರದು.

ಅಂಜೂರ ನಮ್ಮ ನಾಡಿಗೆ ಹೊಸದೇನಲ್ಲ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಒಂದು ಕಾಲಕ್ಕೆ ಅಂಜೂರಕ್ಕೆ ಹೆಸರಾಗಿತ್ತು. ಈಗ ಬಳ್ಳಾರಿ ಸೀಮೆಯಲ್ಲಿ ಬೆಳೆಯುತ್ತಾರೆ. ನಮ್ಮ ಹಳ್ಳದ ದಂಡೆಯ ಅತ್ತಿ, ಊರಮುಂದಿನ ಆಲ, ಕಟ್ಟೆಯ ಅರಳಿ ಎಲ್ಲ ಅಂಜೂರದ ದಾಯಾದಿಗಳೇ. ಇವುಗಳ ಹೂವು ಕಾಯಿಯೊಳಗೇ ಅಡಗಿರುತ್ತದೆ.

ಮಕ್ಕಳೇ, ಒಂದು ಎಚ್ಚರಿಕೆ. ಅಂಜೂರದ ಎಲೆ ಕಿತ್ತರೆ ಹಾಲಿನಂಥ ಸೊನೆ ಬರುತ್ತದೆ. ಅದರಲ್ಲಿ ಪ್ರೋಟೀನನ್ನು ಕರಗಿಸುವ ಫಿಸಿನ್ ಎಂಬ ಕಿಣ್ವವಿದೆ. ಸೊರಾಲೆನ್ ಎಂಬ ರಾಸಾಯನಿಕವೂ ಇದೆ. ಅದು ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳಬಹುದು. ಸೊನೆ ತಾಗಿದರೆ ಕೂಡಲೇ ಸೋಪು ಹಚ್ಚಿ ತೊಳೆದು, ನೆರಳಿಗೆ ಬನ್ನಿ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಸಕ್ಕರೆ ಕಾಯಿಲೆಯವರು, ಪೊಟ್ಯಾಸಿಯಂ ಮಿತಿಯಲ್ಲಿರಬೇಕೆಂದು ಹೇಳಿಸಿಕೊಂಡ ಮೂತ್ರಪಿಂಡದ ರೋಗಿಗಳು ಡಾಕ್ಟರನ್ನು ಕೇಳಿಯೇ ಅಂಜೂರ ತಿನ್ನಿ. ನನಗೆ ಅವರು ಪೂರ್ತಿ ಬಿಡಿ ಎನ್ನಲಿಲ್ಲ. ದಿನಕ್ಕೊಂದು, ಅದೂ ಊಟದ ಲೆಕ್ಕದೊಳಗೇ ಎಂದರು. ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ 134ಕ್ಕೆ ಇಳಿದಿತ್ತು.

ಈ ವಾರದ ಮನೆಕೆಲಸ: ದ್ರಾಕ್ಷಿ, ಖರ್ಜೂರ, ಅಂಜೂರ, ಮನೆಯಲ್ಲಿ ಯಾವ ಒಣಹಣ್ಣಿನ ಪೊಟ್ಟಣವಿದ್ದರೂ ಹಿಂಬದಿಯ ಸಣ್ಣಕ್ಷರವನ್ನು ನಿಮ್ಮ ತಾತನಿಗೋ ಅಜ್ಜಿಗೋ ಜೋರಾಗಿ ಓದಿ ಹೇಳಿ. ನಮ್ಮ ಮನೆಯಲ್ಲಿ ಈಗ ಪೊಟ್ಟಣ ಮೊಮ್ಮಗಳ ವಶದಲ್ಲಿದೆ. ದಿನಕ್ಕೊಂದೇ ಹಣ್ಣು ಕೊಡುತ್ತಾಳೆ, ಎಣಿಸಿ.